‘ಉಪವಾಸ’ವೆಂಬ ಒಂದು ಭಾಷಾಂತರ

ನಮ್ಮ ಸಂಘದ ಹಿಂದಿನ ಒಂದು ಸಭೆಯಲ್ಲಿ ಕ್ರೈಸ್ತ ಗ್ರಂಥಗಳ ಕನ್ನಡ ಭಾಷಾಂತರವನ್ನು ಕುರಿತು ಮಾತು ಬಂದಾಗ ಸಭಿಕರಲ್ಲೊಬ್ಬರು ಒಂದು ಆಕ್ಷೇಪವನ್ನೆತ್ತಿದರು. ಕ್ರೈಸ್ತರ ಆಚರಣೆಗೆ ‘ಉಪವಾಸ’ವೆಂಬ ಹೆಸರು ಸಲ್ಲದು, ಒಂದು ಹೊತ್ತು ಹೊಟ್ಟೆತುಂಬ ಉಂಡು, ಮಾಂಸವನ್ನು ಬಿಟ್ಟು ಮೀನನ್ನು ತಿಂದರೆ ಅದು ಉಪವಾಸವಾಗುವುದೆಂತು? ಪಾದ್ರಿಗಳು ನಮ್ಮ ಶಬ್ದವನ್ನು ತೆಗೆದು ತಮ್ಮ ವಸ್ತುವಿಗೆ ಹೊದಿಸಿದ್ದಾರೆ ಎಂಬುದು ಅವರ ಅಭಿಪ್ರಾಯ. ಅನೇಕರು ತಲೆದೂಗಿದರು. ನಾನು ಸುಮ್ಮನಿದ್ದೆನು. ಇದೇ ಆಕ್ಷೇಪವನ್ನು ಮೂವತ್ತೈದು ವರ್ಷಗಳಿಗೂ ಹಿಂದೆ, ಪಾಠಶಾಲೆಯ ವ್ಯಾಕರಣದ ಬಿಸಿಯಿನ್ನೂ ಆರದಿದ್ದ ಕಾಲದಲ್ಲಿ, ಇದಕ್ಕಿಂತ ಕಟುವಾದ ಮಾತುಗಳಲ್ಲಿ ನಾನೇ ಹೇಳಿದ್ದೆನು. ಆ ಅಭಿಪ್ರಾಯವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅದಕ್ಕೆ ಕಾರಣವನ್ನು ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಭಾಷಾಂತರಕಾರರ ಕಷ್ಟವನ್ನು ತಿಳಿಯೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಬಹುಕಾಲ ಶ್ರಮಪಟ್ಟು, ಬೈಬಲನ್ನು ಕನ್ನಡಕ್ಕೆ ತಂದರು. ಇಡೀ ಗ್ರಂಥವು 1831ರಲ್ಲಿ ಪೂರ್ತಿಯಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅನಂತರ ಆ ಕೆಲಸವನ್ನು ತಿದ್ದಿ ಬೆಳೆಸಿದರು. ಈ ಪಂಡಿತರ ಮುಂದಿದ್ದ ಗ್ರೀಕ್ ಶಬ್ದ ‘ನೇಸ್ತೇಯಾ’. ಅದರ ಅವಯವಾರ್ಥ ಬಹಳ ಸರಳ: ತಿನ್ನದಿರುವಿಕೆ. ಸಂಸ್ಕೃತದಲ್ಲಿ ಇದಕ್ಕೆ ಅಕ್ಷರಶಃ ಸಮನಾದ ಶಬ್ದವು ಸಿದ್ಧವಾಗಿಯೇ ಇದೆ, ಅದು ‘ಅನಶನ’. ಗ್ರೀಕಿನಲ್ಲಿ ನಿಷೇಧಾರ್ಥದ ಪೂರ್ವಪದ ಮತ್ತು ತಿನ್ನುವ ಧಾತು, ಇಲ್ಲಿಯೂ ಹಾಗೆಯೇ. ಶಬ್ದಕ್ಕೆ ಶಬ್ದವನ್ನಿಡುವುದೇ ಭಾಷಾಂತರವಾಗಿದ್ದರೆ ಅವರು ‘ಅನಶನ’ವನ್ನು ಬಿಟ್ಟು ಬೇರೆಡೆಗೆ ನೋಡಬೇಕಾಗಿರಲಿಲ್ಲ.

ಅವರು ಅದನ್ನು ಬಿಟ್ಟದ್ದು ಸರಿಯೇ ಆಯಿತು. ನಮ್ಮ ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ 7ನೆಯ ಶತಮಾನದಿಂದ ಮೊದಲುಗೊಂಡು ಆಹಾರವನ್ನು ತ್ಯಜಿಸಿ ದೇಹವನ್ನು ಬಿಟ್ಟ ಮುನಿಗಳ ಮತ್ತು ಗೃಹಸ್ಥರ ಶಾಸನಗಳಿವೆ. ಅನಶನವೆಂದೊಡನೆ ನಮ್ಮ ಮನಸ್ಸು ಆ ಸಲ್ಲೇಖನದ ಬೆಟ್ಟವನ್ನೇರುತ್ತದೆ. ಕ್ರೈಸ್ತರ ವ್ರತವು ಮರಣದಲ್ಲಿ ಮುಗಿಯತಕ್ಕದ್ದಲ್ಲ. ಅದು ಈಸ್ಟರಿನ ಹಬ್ಬದೂಟದಲ್ಲಿ ಮುಗಿಯತಕ್ಕದ್ದು. ಆದಕಾರಣ ಅವಯವಾರ್ಥದಲ್ಲಿ ಸಮನಾದರೂ ಭಾವದಲ್ಲಿ ‘ಅನಶನ’ವು ಒಪ್ಪುತ್ತಿರಲಿಲ್ಲ.

ಎರಡನೆಯದಾಗಿ ‘ನೋಂಪಿ’ ಎಂಬ ಅಚ್ಚಗನ್ನಡ ಶಬ್ದವಿತ್ತು. ವ್ರತವನ್ನು ಹಿಡಿ ಎಂಬರ್ಥದ ‘ನೋನ್’ ಎಂಬ ಹಳಗನ್ನಡ ಧಾತುವಿನಿಂದ ಹುಟ್ಟಿದ ಮಾತಿದು. ಜೈನರ ನೋಂಪಿಯ ಕಥೆಗಳಲ್ಲಿ ಇದು ಉಳಿದಿದೆ. ಅನಂತನ ನೋಂಪಿಯೆಂದು ನಮ್ಮ ಮನೆಗಳಲ್ಲಿಯೂ ಕೇಳಿದ್ದೇವೆ. ಇದೇ ಮಾತು ಘಟ್ಟದ ಕೆಳಗೆ ಮಲೆಯಾಳದಲ್ಲಿ ‘ನೋಂಬು’ ಎಂದಾಗಿ ಇಂದಿಗೂ ಜೀವಂತವಾಗಿದೆ. ಸಿರಿಯಾ ಸಂಪ್ರದಾಯದ ಕೇರಳದ ಕ್ರೈಸ್ತರು ಈಸ್ಟರಿಗೆ ಮುಂಚೆ 50 ದಿನಗಳ ನೋಂಬನ್ನು ಹಿಡಿಯುತ್ತಾರೆ. ಅಲ್ಲಿಯ ಮುಸಲ್ಮಾನರ ರಂಜಾನ್ ವ್ರತಕ್ಕೂ ನೋಂಬೆಂದೇ ಹೆಸರು. ಬಳ್ಳಾರಿಯಲ್ಲಿಯೂ ಮಂಗಳೂರಿನಲ್ಲಿಯೂ ಕುಳಿತ ಭಾಷಾಂತರಕಾರರು ‘ನೋಂಪಿ’ಯನ್ನು ಏಕೆ ಹಿಡಿಯಲಿಲ್ಲವೆಂದರೆ, 19ನೆಯ ಶತಮಾನದ ಕನ್ನಡಿಗನಿಗೆ ಅದು ಒಂದೊಂದು ಗೊತ್ತಾದ ವ್ರತದ ಹೆಸರಾಗಿ ಮಾತ್ರ ಉಳಿದಿತ್ತೆಂದು ಊಹಿಸಬಹುದು. ‘ಒಪ್ಪೊತ್ತು’ ಎಂಬುದು ಮೂರನೆಯದು. ದಿನಕ್ಕೊಂದೇ ಊಟವೆಂಬ ರೋಮನ್ ಸಭೆಯ ನಿಯಮಕ್ಕೆ ಇದು ಕೈಗೆ ಕಡಗದಂತೆ ಸರಿಹೊಂದುತ್ತದೆ. ಆದರೆ ಏಸುವು ಅರಣ್ಯದಲ್ಲಿ 40 ದಿನ ಏನನ್ನೂ ತಿನ್ನದಿದ್ದ ಪ್ರಸಂಗಕ್ಕೆ ಇದನ್ನಿಟ್ಟರೆ ನಗೆಗೀಡಾಗುತ್ತದೆ. ಹೀಗಾಗಿ ಉಳಿದದ್ದು ‘ಉಪವಾಸ’.

ಈಗ ಈ ಶಬ್ದದ ಕುಲವನ್ನು ನೋಡಬೇಕು. ‘ಉಪ’ ಎಂದರೆ ಸಮೀಪ. ‘ವಸ್’ ಎಂದರೆ ಇರು, ನೆಲೆಸು. ಇದರಲ್ಲಿ ಊಟದ ಮಾತೇ ಇಲ್ಲ. ಧರ್ಮಶಾಸ್ತ್ರದ ನಿಬಂಧಕಾರರು ಪಾಪಗಳಿಂದ ಹಿಂದಿರುಗಿ ಸದ್ಗುಣಗಳೊಡನೆ ವಾಸಿಸುವುದೇ ಉಪವಾಸವೆಂದು ವಿವರಿಸಿದ್ದಾರೆ. ಇದಕ್ಕಿಂತಲೂ ಹಳೆಯ ವಿವರಣೆಯು ಶತಪಥ ಬ್ರಾಹ್ಮಣದ ಆರಂಭದಲ್ಲಿಯೇ ಇದೆ. ಯಜ್ಞದ ಹಿಂದಿನ ದಿನ ದೇವತೆಗಳು ಯಜಮಾನನ ಸಂಕಲ್ಪವನ್ನು ತಿಳಿದು ಅವನ ಮನೆಗೆ ಬಂದು ಅವನ ಬಳಿಯಲ್ಲಿ ನೆಲೆಸುತ್ತಾರೆ. ಆದಕಾರಣ ಆ ದಿನಕ್ಕೆ ‘ಉಪವಸಥ’ವೆಂದು ಹೆಸರು. ಮನೆಗೆ ಬಂದ ಮನುಷ್ಯರು ಉಣ್ಣುವುದಕ್ಕೆ ಮೊದಲು ತಾನು ಉಣ್ಣುವುದೇ ಅನುಚಿತವಾಗಿರುವಾಗ, ದೇವತೆಗಳು ಉಣ್ಣುವುದಕ್ಕೆ ಮೊದಲು ಉಣ್ಣುವುದೆಂತು ಎಂಬುದು ಅಲ್ಲಿಯ ನ್ಯಾಯ. ಎಂದರೆ ಮೂಲತಃ ಉಪವಾಸವು ದೇಹದಂಡನೆಯಾಗಿರಲಿಲ್ಲ. ಅದು ಆತಿಥ್ಯದ ಮರ್ಯಾದೆಯಾಗಿತ್ತು. ಬೌದ್ಧರ ಉಪೋಸಥವೂ ಈ ಉಪವಸಥದ ಮರಿಯೇ. ಭಾಗವತದ ಅಂಬರೀಷನ ಕಥೆಯನ್ನು ನೆನೆಯಿರಿ. ದ್ವಾದಶಿಯು ಮುಗಿಯುತ್ತ ಬಂದಿದೆ. ಅತಿಥಿಯಾದ ದುರ್ವಾಸರು ಸ್ನಾನಕ್ಕೆ ಹೋದವರು ಬಂದಿಲ್ಲ. ಪಾರಣೆಯನ್ನು ಬಿಟ್ಟರೆ ವ್ರತಭಂಗ, ಅತಿಥಿಗಿಂತ ಮೊದಲು ಉಂಡರೆ ಧರ್ಮಭಂಗ. ರಾಜನ ಸಂಕಟವೆಲ್ಲ ಬಾರದ ಅತಿಥಿಯೊಬ್ಬನನ್ನು ಕುರಿತದ್ದು.

ಪೂರ್ವದಲ್ಲಿ ನನ್ನ ಆಕ್ಷೇಪವಿದ್ದುದು ಇಲ್ಲಿಯೇ. ಮತ್ತಾಯನು ಬರೆದ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಏಸುವಿಗೆ ಒಂದು ಪ್ರಶ್ನೆ ಬರುತ್ತದೆ: ಯೋಹಾನನ ಶಿಷ್ಯರು ಉಪವಾಸ ಮಾಡುತ್ತಾರಲ್ಲ, ನಿನ್ನ ಶಿಷ್ಯರು ಮಾಡದಿರುವುದೇಕೆ? ಏಸುವಿನ ಉತ್ತರದ ತಾತ್ಪರ್ಯವಿಷ್ಟು: ಮದಲಿಂಗನು ಜೊತೆಯಲ್ಲಿರುವ ತನಕ ಮದುವೆಯ ಮನೆಯವರು ದುಃಖಿಸಲಾರರು, ಅವನು ಅವರಿಂದ ತೆಗೆಯಲ್ಪಡುವ ಕಾಲ ಬರುವುದು, ಆಗ ಉಪವಾಸ ಮಾಡುವರು. ದೇವರು ಸಮೀಪಕ್ಕೆ ಬಂದನೆಂದು ಉಣ್ಣದಿರುವುದು ನಮ್ಮ ಉಪವಸಥ. ಪ್ರಿಯನು ದೂರವಾದನೆಂದು ಉಣ್ಣದಿರುವುದು ಅವರ ವ್ರತ. ಒಂದು ಸಾನ್ನಿಧ್ಯದ ಉಪವಾಸ, ಇನ್ನೊಂದು ವಿರಹದ ಉಪವಾಸ. ವಿರಹಕ್ಕೆ ‘ಉಪ’ವೆಂಬ ಉಪಸರ್ಗವನ್ನು ಹಚ್ಚಿದ ಭಾಷಾಂತರಕಾರನು ಮೂಲವನ್ನು ತಲೆಕೆಳಗೆ ಮಾಡಿದನೆಂದು ನಾನು ವಾದಿಸುತ್ತಿದ್ದೆನು. ಈ ಭೇದವು ಅವರ ಪಂಚಾಂಗದಲ್ಲಿಯೂ ಕಾಣುತ್ತದೆ. ವಿಭೂತಿ ಬುಧವಾರದಿಂದ ಈಸ್ಟರಿನವರೆಗೆ ಲೆಕ್ಕಮಾಡಿದರೆ 46 ದಿನಗಳಾಗುತ್ತವೆ. ನಡುವಣ 6 ಭಾನುವಾರಗಳನ್ನು ಕಳೆದು 40 ಎಂದು ಎಣಿಸುತ್ತಾರೆ. ಭಾನುವಾರವು ಪುನರುತ್ಥಾನದ ದಿನವಾದುದರಿಂದ ಅಂದು ಉಪವಾಸವಿಲ್ಲ. ಪ್ರಭುವಿನ ಸಾನ್ನಿಧ್ಯವನ್ನು ನೆನೆಯುವ ದಿನ ಉಣ್ಣಬೇಕು!

ಆಚರಣೆಯ ವಿಷಯದಲ್ಲಿ ಸಭಿಕರು ಮಾಡಿದ ಆಕ್ಷೇಪಕ್ಕೆ ಉತ್ತರವು ಸುಲಭ. ಕ್ರೈಸ್ತರಲ್ಲಿ ನಿಯಮವು ಕಾಲಕಾಲಕ್ಕೆ ಸಡಿಲಿದೆ. ಫ್ರಾನ್ಸಿನ ರೂಆನ್ ನಗರದ ದೊಡ್ಡ ದೇವಾಲಯದಲ್ಲಿ ‘ಬೆಣ್ಣೆಯ ಗೋಪುರ’ವೆಂಬ ಹೆಸರಿನದೊಂದಿದೆ, 40 ದಿನಗಳ ವ್ರತದಲ್ಲಿ ಬೆಣ್ಣೆ ತಿನ್ನಲು ಅಪ್ಪಣೆ ಪಡೆದವರು ಕೊಟ್ಟ ಹಣವು ಅದರ ಕಟ್ಟಡಕ್ಕೆ ಸಂದಿತೆಂದು ಪ್ರಸಿದ್ಧಿ. 1522ರ ವ್ರತಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಮುದ್ರಣಗಾರನೊಬ್ಬನ ಮನೆಯಲ್ಲಿ ಮಾಂಸವನ್ನು ತಿಂದದ್ದೇ ಆ ನಾಡಿನ ಮತಸುಧಾರಣೆಗೆ ಮೊದಲ ಕಿಡಿಯಾಯಿತು. ತ್ಸ್ವಿಂಗ್ಲಿ ಎಂಬ ಬೋಧಕನು ತಿಂದವರ ಪಕ್ಷವನ್ನು ಹಿಡಿದನು. ನಮ್ಮ ಕರಾವಳಿಗೆ ಬಂದ ಬಾಸೆಲಿನವರೂ ಮತಸುಧಾರಣೆಯ ಪರಂಪರೆಯವರೇ. ಎಂದರೆ ಉಪವಾಸವನ್ನು ಕಡ್ಡಾಯ ಮಾಡದ ಜನರೇ ಉಪವಾಸವೆಂಬ ಶಬ್ದವನ್ನು ಕನ್ನಡ ಬೈಬಲಿನಲ್ಲಿ ನೆಲೆಗೊಳಿಸಿದರು. ರೋಮನ್ ಸಭೆಯಲ್ಲಿ 1966ರಲ್ಲಿ 6ನೆಯ ಪೌಲ್ ಪೋಪರು ನಿಯಮವನ್ನು ಬಹಳ ಹಗುರ ಮಾಡಿದರು. ಈಗ ಕಡ್ಡಾಯದ ಉಪವಾಸವು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡು ದಿನಗಳಿಗೆ ಮಾತ್ರ. ಅದೂ 18 ವರ್ಷ ತುಂಬಿದವರಿಗೆ, 59 ತುಂಬುವವರೆಗೆ. ಇದನ್ನು ಕೇಳಿ ನಗುವವರು ನಮ್ಮ ಏಕಾದಶಿಯ ಫಲಾಹಾರವನ್ನು ಒಮ್ಮೆ ನೆನೆಯಬೇಕು. ಅವಲಕ್ಕಿ, ಉಪ್ಪಿಟ್ಟು, ಹಾಲು, ಹಣ್ಣು, ಸಜ್ಜಿಗೆ ಇವುಗಳ ನಡುವೆ ಹಸಿವೆಗೆ ಕಾಲಿಡುವುದಕ್ಕೆ ಸ್ಥಳವಿರುವುದಿಲ್ಲ. ಹೊಟ್ಟೆಯ ಜಾಣತನಕ್ಕೆ ಮತಭೇದವಿಲ್ಲ.

ಇದಕ್ಕಿಂತ ಗಹನವಾದ ವಿಷಯ ಬೇರೊಂದುಂಟು. ಮತ್ತಾಯನ 6ನೆಯ ಅಧ್ಯಾಯದಲ್ಲಿ ಏಸುವು ಉಪವಾಸಕ್ಕೆ ಒಂದು ಕಟ್ಟಳೆಯನ್ನಿಡುತ್ತಾನೆ: ಜನರು ಕಾಣಲೆಂದು ಮುಖವನ್ನು ಬಾಡಿಸಿಕೊಳ್ಳಬಾರದು, ತಲೆಗೆ ಎಣ್ಣೆ ಹಚ್ಚಿ ಮುಖವನ್ನು ತೊಳೆದು, ಗುಪ್ತದಲ್ಲಿರುವ ತಂದೆಗೆ ಹೊರತು ಮತ್ತಾರಿಗೂ ತಿಳಿಯದಂತೆ ಇರಬೇಕು. ನಮ್ಮ ವ್ರತಗಳಿಗೆ ಸಂಕಲ್ಪವುಂಟು, ತಿಥಿಯುಂಟು, ನೆಂಟರಿಷ್ಟರ ಅರಿವುಂಟು. ಅಭ್ಯಂಗವು ಉಪವಾಸದ ದಿನ ನಮಗೆ ವರ್ಜ್ಯ. ಅಲ್ಲಿ ಅದೇ ವಿಧಿ! ಈ ಕಟ್ಟಳೆಯು ಕ್ರೈಸ್ತರಿಗೂ ಕಠಿನವೇ ಆಯಿತು. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಾಮಿ ಮೊದಲಾದ ಜೆಸುವಿಟ್ ಪಾದ್ರಿಗಳು, ಮಧುರೆಯ ನೋಬಿಲಿಯ ಪದ್ಧತಿಯಂತೆ ಕಾಷಾಯವನ್ನುಟ್ಟು ಮದ್ಯಮಾಂಸಗಳನ್ನು ಬಿಟ್ಟು ಸಂನ್ಯಾಸಿಗಳಂತೆ ಬಾಳಿದರು. ಹಾಗೆ ಬಾಳದಿದ್ದರೆ ನಮ್ಮ ಜನರು ಅವರ ಮಾತನ್ನು ಕೇಳುತ್ತಿರಲಿಲ್ಲ. ಗುಪ್ತವಾಗಿರಬೇಕೆಂದು ತಮ್ಮ ಗುರುವು ಹೇಳಿದ ತಪಸ್ಸನ್ನು ಆ ಗುರುವಿನ ಸಲುವಾಗಿಯೇ ಬಹಿರಂಗ ಮಾಡಬೇಕಾದ ಧರ್ಮಸಂಕಟವು ಅವರದು. ಅವರನ್ನು ಡಂಭಾಚಾರಿಗಳೆನ್ನುವುದಕ್ಕೆ ನನ್ನ ನಾಲಗೆ ಏಳದು. ನೋಡದೆ ನಂಬದ ನಮ್ಮ ಕಣ್ಣಿಗೂ ಅದರಲ್ಲಿ ಪಾಲುಂಟು.

ಈ ಗುಪ್ತತೆಯ ಅರ್ಥವು ನನಗೆ ಗ್ರಂಥದಿಂದ ತಿಳಿಯಲಿಲ್ಲ. ಅದು ತಿಳಿದ ಬಗೆಯನ್ನು ಈಗ ಹೇಳಬೇಕು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ 55 ಕಿಲೋಮೀಟರುಗಳ ಘಟ್ಟದ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಆ ಹಾದಿಯ ನಡುಗಾಡಿನಲ್ಲಿರುವ ನಿಲ್ದಾಣವೇ ಎಡಕುಮೇರಿ. 1979ರಲ್ಲಿ ಮೀಟರ್ ಗೇಜ್ ಗಾಡಿಯು ಓಡಲಾರಂಭಿಸಿದ ಮೇಲೆ ಹಳಿಯ ಕಾವಲಿಗೂ ದುರಸ್ತಿಗೂ ನಿಂತ ಕೆಲಸಗಾರರು ಅಲ್ಲಿ ಬೀಡುಬಿಟ್ಟಿದ್ದರು. 1980ರ ದಶಕದ ಕೊನೆಯಲ್ಲಿ ನಾನು ಘಟ್ಟದ ಮೇಲಣ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಹಳಿಗೆಲಸದವನೊಬ್ಬನ ಮಗನು ನನ್ನ ತರಗತಿಯಲ್ಲಿದ್ದನು. ಮಲೆಯಾಳ ದೇಶದಿಂದ ಬಂದ ಕ್ರೈಸ್ತ ಮನೆತನ. ವಾರದ ದಿನಗಳಲ್ಲಿ ಬಂಧುಗಳ ಮನೆಯಲ್ಲಿದ್ದು ಶನಿವಾರ ಗಾಡಿ ಹತ್ತಿ ಎಡಕುಮೇರಿಗೆ ಹೋಗುತ್ತಿದ್ದನು. ಹನ್ನೆರಡು ಹದಿಮೂರರ ಪ್ರಾಯ. ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿಕೊಂಡು ಬರುವ, ಮಿತಭಾಷಿಯಾದ ಹುಡುಗ.

ಮಾರ್ಚಿ ತಿಂಗಳು. ಕಾಫಿಯ ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿದ್ದ ದಿನಗಳು. ಮಧ್ಯಾಹ್ನದ ಬಿಡುವಿನಲ್ಲಿ ಉಳಿದ ಮಕ್ಕಳು ಬುತ್ತಿ ಬಿಚ್ಚುವಾಗ ಇವನು ಬಾವಿಯ ಕಟ್ಟೆಯ ಬಳಿ ಕುಳಿತಿರುವುದನ್ನು ಎರಡು ಶುಕ್ರವಾರ ಕಂಡೆನು. ಮನೆಯಲ್ಲಿ ಅನ್ನಕ್ಕೆ ಗತಿಯಿಲ್ಲದೆ ಉಪವಾಸ ಬಿದ್ದಿದ್ದಾನೆಂದು ತಿಳಿದು ನನ್ನ ಕರುಳು ಚುರುಕ್ಕೆಂದಿತು. ಮೂರನೆಯ ಶುಕ್ರವಾರ ಅವನನ್ನು ಎಲ್ಲರೆದುರಿಗೆ ಕರೆದು, ನಾಚಿಕೆ ಬೇಡವೆಂದು ಗಟ್ಟಿಯಾಗಿ ಹೇಳಿ, ನನ್ನ ಬುತ್ತಿಯ ಮೊಸರನ್ನವನ್ನು ಅವನ ಮುಂದಿಟ್ಟು, ಉಣ್ಣೆಂದು ಒತ್ತಾಯಮಾಡಿದೆನು. ಅವನು ಒಂದು ಗಳಿಗೆ ನನ್ನ ಮುಖವನ್ನು ನೋಡಿದನು. ಆಮೇಲೆ ಕೈತೊಳೆದು ಬಂದು ಕುಳಿತು, ಒಂದಗುಳೂ ಉಳಿಸದೆ ಉಂಡು, ಪಾತ್ರೆಯನ್ನು ತೊಳೆದು ತಂದಿಟ್ಟು ನಮಸ್ಕಾರಮಾಡಿದನು. ಅನ್ನದಾನ ಮಾಡಿದ ತೃಪ್ತಿಯಿಂದ ನಾನು ಆ ಸಂಜೆ ಮನೆಗೆ ಹೋದೆನು.

ಕೆಲವು ದಿನಗಳ ಮೇಲೆ ಕೆಳಗಿನ ತರಗತಿಯಲ್ಲಿದ್ದ ಅವನ ತಂಗಿಯ ಬಾಯಿಂದ ಸಂಗತಿ ಹೊರಬಿತ್ತು. ಮನೆಯಲ್ಲಿ ‘ನೋಂಬು’ ನಡೆಯುತ್ತಿತ್ತು. 50 ದಿನಗಳ ಆ ವ್ರತದಲ್ಲಿ ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲೂ ವರ್ಜ್ಯ. ಶುಕ್ರವಾರ ಮಧ್ಯಾಹ್ನದ ಊಟವನ್ನು ಅವನು ತಾನಾಗಿಯೇ ಬಿಟ್ಟಿದ್ದನು. ಆ ಪ್ರಾಯದವನಿಗೆ ಅವರ ಸಭೆಯ ಕಡ್ಡಾಯವೇನೂ ಇರಲಿಲ್ಲ. ಬಿಟ್ಟ ಊಟದ ಅಕ್ಕಿಯನ್ನು ತಾಯಿಯು ಒಂದು ಡಬ್ಬಿಯಲ್ಲಿ ತೆಗೆದಿಟ್ಟು, ಈಸ್ಟರಿಗೆ ಮುಂಚೆ ತಮಗಿಂತ ಬಡವರಾದ ನೆರೆಯವರಿಗೆ ಕೊಡುವಳಂತೆ. ನಾನು ನೀಡಿದುದು ಮೊಸರನ್ನ! ಒಂದು ಮಾತು ಹೇಳಿದ್ದರೆ ಅವನ ವ್ರತವು ಉಳಿಯುತ್ತಿತ್ತು. ಬಡವನೆಂದು ಹತ್ತು ಮಂದಿಯ ಮುಂದೆ ಆದ ಅವಮಾನವೂ ತಪ್ಪುತ್ತಿತ್ತು. ಅವನು ಹೇಳಲಿಲ್ಲ. ವ್ರತವನ್ನು ಮುರಿದುಕೊಂಡನೇ ಹೊರತು ಅದನ್ನು ಪ್ರಕಟಿಸಲಿಲ್ಲ. ನೀಡಿದವನ ಮನಸ್ಸನ್ನೂ ನೋಯಿಸಲಿಲ್ಲ. ಅವನ ಬಳಿ ಕ್ಷಮೆ ಕೇಳಬೇಕೆಂದು ಆ ವರ್ಷವೆಲ್ಲ ಎಣಿಸಿದೆನು. ಗುರುವೆಂಬ ಬಿಂಕವು ಅಡ್ಡಬಂದಿತು. ಮುಂದಿನ ವರ್ಷ ಅವನ ತಂದೆಗೆ ಬೇರೆಡೆಗೆ ವರ್ಗವಾಯಿತು.

ಬಹಳ ಕಾಲದ ಮೇಲೆ 5ನೆಯ ಶತಮಾನದ ಜಾನ್ ಕ್ಯಾಸಿಯನ್ ಎಂಬ ಸಾಧುವಿನ ಬರಹದಲ್ಲಿ ಒಂದು ಪ್ರಸಂಗವನ್ನು ಓದಿದೆನು. ಈಜಿಪ್ಟಿನ ಅರಣ್ಯದ ವೃದ್ಧ ತಪಸ್ವಿಗಳು ಅತಿಥಿಗಳು ಬಂದೊಡನೆ ವ್ರತವನ್ನು ಬಿಟ್ಟು ಅವರೊಡನೆ ಉಣ್ಣುತ್ತಿದ್ದರು. ಕಾರಣ ಕೇಳಿದಾಗ ಒಬ್ಬ ಹಿರಿಯನು ಕೊಟ್ಟ ಉತ್ತರದ ಸಾರವಿದು: ಉಪವಾಸವು ಎಂದೂ ನನ್ನ ಬಳಿಯೇ ಇರುವುದು, ನೀವು ನಾಳೆ ಹೊರಟುಹೋಗುವಿರಿ, ಅತಿಥಿಯಲ್ಲಿ ಪ್ರಭುವು ಬಂದಿರುವಾಗ ಉಪವಾಸವೆಲ್ಲಿಯದು? ಆ ಹಿರಿಯನು ಆಧಾರವಾಗಿ ಹಿಡಿದದ್ದೂ ಮದಲಿಂಗನ ಮಾತನ್ನೇ. ಶತಪಥದ ಯಜಮಾನನು ಅತಿಥಿಗಾಗಿ ಉಣ್ಣದಿರುವನು. ಈಜಿಪ್ಟಿನ ತಪಸ್ವಿಯು ಅತಿಥಿಗಾಗಿ ಉಣ್ಣುವನು. ಸಾನ್ನಿಧ್ಯ ವಿರಹಗಳೆಂದು ನಾನು ಹಾಕಿದ್ದ ಗೋಡೆಯು ಅಲ್ಲಿಗೆ ಬಿದ್ದಿತು. ಎರಡು ಕಡೆಯೂ ಬಾಗಿಲಿನತ್ತ ದೃಷ್ಟಿಯಿಟ್ಟು ಕುಳಿತ ಒಬ್ಬ ಗೃಹಸ್ಥನೇ ಇದ್ದಾನೆ.

ಆದರೆ ‘ಉಪವಾಸ’ವೆಂಬ ಭಾಷಾಂತರಕ್ಕೆ ನಿಜವಾದ ಸಮರ್ಥನೆಯು ಈ ಉಪಸರ್ಗದ ಪಾಂಡಿತ್ಯದಿಂದ ಬರುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಳಿತ ಹುಡುಗನನ್ನು ಕಂಡು ನಾನು ತಪ್ಪಿದ್ದು ಹೇಗೆ? ವ್ರತದಿಂದ ಉಣ್ಣದವನಿಗೂ ಅನ್ನವಿಲ್ಲದೆ ಉಣ್ಣದವನಿಗೂ ಕನ್ನಡದಲ್ಲಿ ಮಾತು ಒಂದೇ. ಏಕಾದಶಿಗೆ ಉಪವಾಸ ಮಾಡಿದರೆನ್ನುತ್ತೇವೆ; ಬರಗಾಲದಲ್ಲಿ ಮಕ್ಕಳು ಉಪವಾಸ ಬಿದ್ದರೆನ್ನುತ್ತೇವೆ. ನಿಘಂಟುಕಾರನಿಗೆ ಇದು ತೊಡಕಾಗಬಹುದು. ಬೈಬಲಿನ ಭಾಷಾಂತರಕಾರನಿಗೆ ಇದು ನಿಧಿ. ಯೆಶಾಯನೆಂಬ ಪ್ರವಾದಿಯ ಗ್ರಂಥದ 58ನೆಯ ಅಧ್ಯಾಯದಲ್ಲಿ ಜನರು ದೇವರನ್ನು ಆಕ್ಷೇಪಿಸುತ್ತಾರೆ: ನಾವು ಉಪವಾಸ ಮಾಡಿದುದನ್ನು ನೀನು ನೋಡಲಿಲ್ಲವೇಕೆ? ಕಟ್ಟಿದವರನ್ನು ಬಿಡಿಸುವುದು, ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದು, ಮನೆಯಿಲ್ಲದವನನ್ನು ಮನೆಗೆ ಕರೆತರುವುದು, ಇವೇ ತನಗೆ ಬೇಕಾದ ಉಪವಾಸವೆಂದು ದೇವರ ಉತ್ತರ. ಈ ಅಧ್ಯಾಯವನ್ನು ಕನ್ನಡದಲ್ಲಿ ಓದುವವನಿಗೆ ಮಾಡುವ ಉಪವಾಸವೂ ಬೀಳುವ ಉಪವಾಸವೂ ಒಂದೇ ಶಬ್ದದಲ್ಲಿ ಎದುರಾಗುತ್ತವೆ. ‘ಅನಶನ’ಕ್ಕೆ ಈ ಶಕ್ತಿಯಿಲ್ಲ; ‘ನೋಂಪಿ’ಗೂ ಇಲ್ಲ. ನಮ್ಮ ರಂತಿದೇವನು 48 ದಿನ ಅನ್ನನೀರುಗಳಿಲ್ಲದಿದ್ದು, ಕೊನೆಗೆ ಒದಗಿದ ಊಟವನ್ನು ಒಬ್ಬೊಬ್ಬರಾಗಿ ಬಂದ ಅತಿಥಿಗಳಿಗೆ ಕೊಟ್ಟು, ಉಳಿದ ನೀರನ್ನೂ ಬಾಯಾರಿದ ಅಂತ್ಯಜನಿಗೆ ಎರೆದಾಗ, ಅವನದು ಯಾವ ಉಪವಾಸ? ಬಿದ್ದದ್ದೋ, ಮಾಡಿದ್ದೋ? ಬಿದ್ದದ್ದು ಮಾಡಿದ್ದಾಗಿ ಪರಿಣಮಿಸಿತೆಂದೇ ಹೇಳಬೇಕು.

ಹೊಗಳಿದಮೇಲೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಈ 40 ದಿನಗಳಿಗೆ ನಮ್ಮ ಕನ್ನಡ ಕಥೋಲಿಕರಲ್ಲಿ ರೂಢಿಯಾಗಿರುವ ‘ತಪಸ್ಸುಕಾಲ’ವೆಂಬ ಮಾತು ಗಂಭೀರವಾಗಿದ್ದರೂ ನನಗೆ ಪೂರ್ಣವಾಗಿ ಒಪ್ಪಿಗೆಯಾಗದು. ನಮ್ಮ ಪುರಾಣಗಳಲ್ಲಿ ತಪಸ್ಸು ವರವನ್ನು ಸಂಪಾದಿಸುವ ಸಾಧನ. ರಾವಣನೂ ಹಿರಣ್ಯಕಶಿಪುವೂ ತಪಸ್ವಿಗಳೇ. ‘ವಿಭೂತಿ’ಯೂ ಹಾಗೆಯೇ. ಅದಕ್ಕೆ ಐಶ್ವರ್ಯವೆಂಬ ಅರ್ಥವುಂಟು. ಹಿಂದಿನ ವರ್ಷದ ಗರಿಗಳನ್ನು ಸುಟ್ಟ ಬೂದಿಯಿಂದ ಹಣೆಗೆ ಗುರುತಿಟ್ಟು ನೀನು ಮಣ್ಣೆಂದು ನೆನಪುಮಾಡುವ ದಿನಕ್ಕೆ, ಕೆಲವರು ಬಳಸುವ ‘ಬೂದಿ ಬುಧವಾರ’ವೆಂಬ ಬಡಮಾತೇ ಮೇಲು. ‘ಉಪವಾಸ’ದ ಆಯ್ಕೆಯನ್ನು ಮಾತ್ರ ಈ ದೋಷಗಳು ಮುಟ್ಟುವುದಿಲ್ಲ. ಪಾದ್ರಿಗಳು ನಮ್ಮ ಶಬ್ದವನ್ನು ಕಸಿದುಕೊಂಡರೆಂಬುದು ಸರಿಯಲ್ಲ; ಎರವಲು ಪಡೆದು, ಒಂದು ಒರೆಗಲ್ಲಿನೊಡನೆ ಹಿಂದಿರುಗಿಸಿದರು. ನಿನ್ನ ಉಪವಾಸವು ಯಾರಿಗೆ ಕಾಣುತ್ತಿದೆ, ಯಾರ ಹಸಿವನ್ನು ಆರಿಸುತ್ತಿದೆ ಎಂಬ ಎರಡು ಪ್ರಶ್ನೆಗಳೇ ಆ ಒರೆಗಲ್ಲು.

ಕಳೆದ ಬೇಸಿಗೆಯಲ್ಲಿ ಮಂಗಳೂರಿಗೆ ಹೋಗುವಾಗ ನಮ್ಮ ಗಾಡಿಯು ಎದುರುಗಾಡಿಗಾಗಿ ಎಡಕುಮೇರಿಯಲ್ಲಿ ಬಹಳ ಹೊತ್ತು ನಿಂತಿತು. ಈಗ ಅಗಲ ಹಳಿ. ನಾನು ಇಳಿದು ಅತ್ತಿತ್ತ ನೋಡಿದೆನು, ಗುರುತಿನವರಾರೂ ಇರಲಿಲ್ಲ. ಅಂದು ಶುಕ್ರವಾರ. ಮನೆಯಿಂದ ತಂದಿದ್ದ ಬುತ್ತಿಯನ್ನು ಮಧ್ಯಾಹ್ನ ಬಿಚ್ಚಲು ಮನಸ್ಸಾಗಲಿಲ್ಲ. ಜೊತೆಯಲ್ಲಿದ್ದ ನನ್ನ ಮೊಮ್ಮಗಳು ಕಾರಣವನ್ನು ಕೇಳಿದಾಗ, ಹಸಿವಿಲ್ಲವೆಂದು ಹೇಳಿದೆನು.